ಕರೆದವರೆಷ್ಟು, ಉಳಿದವರೆಷ್ಟು

2025ರ ಜೂನ್ ತಿಂಗಳ ಕೊನೆಯಲ್ಲಿ ಪಾಂಡವಪುರ ತಾಲ್ಲೂಕಿನ ಪರಿಚಿತರೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ನಾವು ಹೋಗಿದ್ದೆವು. ಪೂಜೆ ಪ್ರಸಾದಗಳು ಮುಗಿದು, ಬಂದ ಬಂಧುಗಳು ಎಲೆಯಡಿಕೆ ಹಿಡಿದು ಜಗಲಿಯಲ್ಲಿ ಕುಳಿತಿದ್ದಾಗ ಮನೆಯ ಯಜಮಾನರು ಎರಡು ಕಾಗದಗಳನ್ನು ತಂದು ನಮ್ಮ ಮುಂದಿಟ್ಟರು. ಒಂದು ಅವರ ಮೊಮ್ಮಗಳಿಗೆ ಬಂದದ್ದು. ದ್ವಿತೀಯ ಪಿ.ಯು.ಸಿ. ಮುಗಿಸಿದ ಆ ಹುಡುಗಿ ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಎಂದು ತಾಲ್ಲೂಕಿನಲ್ಲಿ ಹೆಸರು ಮಾಡಿದವಳು. ದೊಡ್ಡ ಊರಿನ ಖಾಸಗಿ ಕಾಲೇಜೊಂದು ಶುಲ್ಕದಲ್ಲಿ ವಿನಾಯಿತಿಯನ್ನೂ ವಿದ್ಯಾರ್ಥಿನಿಲಯದಲ್ಲಿ ವಸತಿಯನ್ನೂ ಕೊಡುವುದಾಗಿ ಅವಳನ್ನು ಕರೆದಿತ್ತು. ಇನ್ನೊಂದು ಕಾಗದ ಅಮೆರಿಕೆಯಲ್ಲಿ ನೆಲೆಸಿರುವ ಹಿರಿಯ ಮಗನಿಂದ ಬಂದ ಮಿಂಚಂಚೆ. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದಿದ್ದರು. ಅಲ್ಲಿಯ ಮೊಮ್ಮಗ ಬೇಸ್‌ಬಾಲ್ ಆಡುವ ಹುಡುಗ. ಮುಂದಿನ ವರ್ಷ ಕಾಲೇಜು ಸೇರಬೇಕಾದ ಅವನಿಗೂ ಒಬ್ಬ ತರಬೇತುದಾರರಿಂದ ಕರೆ ಬಂದಿತ್ತು.

“ಶಾಸ್ತ್ರಿಗಳೇ, ಎರಡು ಕಡೆಯೋರೂ ಬನ್ನಿ ಬನ್ನಿ ಅಂತಾವ್ರೆ. ನಂಬೋದೆಂಗೆ?” ಎಂದು ಹಿರಿಯರು ಕೇಳಿದರು.

ನಾವು ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಓದಿಕೊಂಡು ಬೆಳೆದವರು. ಆಟದ ಬಯಲಿಗಿಂತ ಓಲೆಗರಿಯೇ ನಮಗೆ ಹೆಚ್ಚು ಪರಿಚಿತ. ಆದರೂ ಆ ಪ್ರಶ್ನೆಯನ್ನು ಕೇಳಿದಾಗ ನಮ್ಮ ಪಾಠಶಾಲೆಯ ಅಡುಗೆಮನೆಯ ಮೇಲ್ವಿಚಾರಣೆ ನೋಡುತ್ತಿದ್ದ ವೃದ್ಧರೊಬ್ಬರ ನೆನಪಾಯಿತು. ಹೊಸ ಹುಡುಗರನ್ನು ಸೇರಿಸಿಕೊಳ್ಳುವ ಕಾಲ ಬಂದಾಗ ಅವರು ಮೊದಲು ತಟ್ಟೆಗಳನ್ನು ಎಣಿಸುತ್ತಿದ್ದರು. ಬರೀ ಎಣಿಸುತ್ತಿರಲಿಲ್ಲ, ಇದು ಓದು ಮುಗಿಸಿ ಹೋದವನ ತಟ್ಟೆ, ಇದು ಅರ್ಧಕ್ಕೆ ಬಿಟ್ಟು ಹೋದವನ ತಟ್ಟೆ ಎಂದು ಬೇರೆ ಬೇರೆ ಸಾಲಿನಲ್ಲಿಡುತ್ತಿದ್ದರು. ಎರಡನೆಯ ಸಾಲು ಉದ್ದವಾದ ವರ್ಷ ಅವರು ಹೊಸಬರ ತಂದೆತಾಯಿಗಳ ಮುಂದೆ ಹೆಚ್ಚು ಮಾತಾಡುತ್ತಿರಲಿಲ್ಲ. ನೇರವಾಗಿ ಹಿರಿಯ ಗುರುಗಳ ಬಳಿಗೆ ಹೋಗಿ, ಈ ವರ್ಷ ಹುಡುಗರು ಏಕೆ ನಿಲ್ಲುತ್ತಿಲ್ಲ ಎಂದು ಕೇಳುತ್ತಿದ್ದರು. ಕರೆಯ ಮಾತು ಸಿಹಿಯಾಗಿದೆಯೇ ಎಂಬುದಕ್ಕಿಂತ, ಆ ತಂಡದಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ವರ್ಷಕ್ಕೆ ಎಷ್ಟು ಮಂದಿ ಬಿಡುತ್ತಾರೆ, ಬಿಟ್ಟವರು ಯಾವ ಸಾಲಿಗೆ ಸೇರಿದವರು ಎಂಬುದನ್ನು ತಿಳಿಯುವುದೇ ಮೊದಲ ಕೆಲಸವೆಂದು ನಮಗೆ ತೋರಿತು. ಅಂದಿನಿಂದ ಕೆಲವು ತಿಂಗಳು ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಿಗೆ ಕಾರ್ಯಾಂತರದಿಂದ ಹೋದಾಗಲೆಲ್ಲ ಇದೇ ವಿಚಾರವನ್ನು ಕೇಳುತ್ತ ಬಂದೆವು.

ಮೊದಲು ಅಮೆರಿಕೆಯ ವಿಷಯವನ್ನು ಹೇಳಬೇಕು; ಅಲ್ಲಿ ಲೆಕ್ಕ ಬಹಿರಂಗವಾಗಿದೆ. ಬೇಸ್‌ಬಾಲ್ ಆಟದಲ್ಲಿ ಒಮ್ಮೆಗೆ ಬಯಲಿನಲ್ಲಿ ನಿಲ್ಲುವವರು ಒಂಬತ್ತು ಮಂದಿ. ಆದರೆ ಚೆಂಡೆಸೆಯುವವನ ತೋಳಿಗೆ ದಿನಗಟ್ಟಲೆ ವಿಶ್ರಾಂತಿ ಬೇಕಾದ್ದರಿಂದ ತಂಡದಲ್ಲಿ ಸುಮಾರು ಅರ್ಧದಷ್ಟು ಜನ ಎಸೆಗಾರರೇ ಇರುತ್ತಾರೆ. ಮೊದಲ ದರ್ಜೆಯ ಕಾಲೇಜು ತಂಡಗಳು ಆ ದೇಶದಲ್ಲಿ ಸುಮಾರು 300 ಇವೆ. ಅವುಗಳ ಆಟಗಾರರ ಪಟ್ಟಿಗೆ ಬಹುಕಾಲ 35 ಹೆಸರುಗಳ ಮಿತಿಯಿತ್ತು. ವಿದ್ಯಾರ್ಥಿವೇತನವೋ, ಪೂರ್ಣವೇತನದ ಲೆಕ್ಕದಲ್ಲಿ ತಂಡಕ್ಕೆ 11.7 ಮಾತ್ರ. ಅದನ್ನು 27 ಮಂದಿಗೆ ಮೀರದಂತೆ, ಒಬ್ಬೊಬ್ಬರಿಗೆ ಕಾಲುಭಾಗಕ್ಕೆ ಕಡಿಮೆಯಾಗದಂತೆ ಹಂಚಬೇಕಿತ್ತು. 27 ಮಂದಿಗೆ ಸಮನಾಗಿ ಹಂಚಿದರೆ ತಲೆಗೆ ಅರ್ಧವೇತನವೂ ಬಾರದು. ಉಳಿದ ಎಂಟು ಮಂದಿ ತಮ್ಮ ಮನೆಯ ಹಣದಿಂದಲೇ ಓದಿ ಆಡಬೇಕು. “ವಿದ್ಯಾರ್ಥಿವೇತನದ ಮೇಲೆ ಆಡಲು ಹೋಗಿದ್ದಾನೆ” ಎಂದು ನಮ್ಮ ಕಡೆಯ ಬಂಧುಗಳು ಹೇಳಿಕೊಳ್ಳುವ ಮಾತಿನ ಹಿಂದೆ ಇಷ್ಟು ಲೆಕ್ಕವಿದೆ.

2020ರ ಮಾರ್ಚಿಯಲ್ಲಿ ಕೋವಿಡ್‌ನಿಂದಾಗಿ ಆ ವರ್ಷದ ಪಂದ್ಯಗಳು ನಿಂತುಹೋದವು. ಆಟಗಾರರಿಗೆ ಇನ್ನೊಂದು ವರ್ಷ ಆಡುವ ಅವಕಾಶ ಕೊಟ್ಟರು. ಅದೇ ಕಾಲದಲ್ಲಿ ವೃತ್ತಿಪರ ಸಂಘಗಳು ಕಾಲೇಜು ಮತ್ತು ಪ್ರೌಢಶಾಲೆಯ ಹುಡುಗರನ್ನು ಆಯ್ದುಕೊಳ್ಳುವ ವಾರ್ಷಿಕ ಸುತ್ತುಗಳು 40ರಿಂದ ಕುಸಿದವು. 2020ರಲ್ಲಿ 5, 2021ರಿಂದ 20. ಹೊರಹೋಗುವ ಬಾಗಿಲು ಕಿರಿದಾಯಿತು, ಹಳಬರು ಉಳಿದರು, ಪಟ್ಟಿಯ ಮಿತಿ 40ಕ್ಕೆ ಏರಿತು. ಇತ್ತ, ಕಾಲೇಜು ಬದಲಾಯಿಸುವವರು ಹೆಸರು ನೋಂದಾಯಿಸಲೆಂದು 2018ರಲ್ಲಿ ಆರಂಭವಾಗಿದ್ದ ವರ್ಗಾವಣೆಯ ವ್ಯವಸ್ಥೆ 2021ರ ನಂತರ ಬೇಸ್‌ಬಾಲ್‌ನವರಿಗೂ ಸಡಿಲವಾಯಿತು. ಮೊದಲು ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಿತ್ತು, ಈಗ ಹಾಗಿಲ್ಲ. ಆದುದರಿಂದ ತರಬೇತುದಾರನ ಮುಂದೆ ಹದಿನೆಂಟರ ಹುಡುಗನೂ, ಬೇರೆ ಕಾಲೇಜಿನಲ್ಲಿ ಮೂರು ವರ್ಷ ಆಡಿ ಪಳಗಿದ ಇಪ್ಪತ್ತೆರಡರ ಯುವಕನೂ ಒಂದೇ ಜಾಗಕ್ಕೆ ನಿಲ್ಲುವಂತಾಗಿದೆ. ಪಳಗಿದವನನ್ನು ಆರಿಸಿದರೆ ತರಬೇತುದಾರನನ್ನು ದೂರುವಂತಿಲ್ಲ. ಗೆಲ್ಲದಿದ್ದರೆ ಅವನ ಕೆಲಸಕ್ಕೇ ಸಂಚಕಾರ.

ಇನ್ನು ಗ್ರಾಂಟ್ ಹೌಸ್ ಎಂಬ ಈಜುಗಾರ ಮೊದಲಾದವರು ಹೂಡಿದ್ದ ಮೊಕದ್ದಮೆಯ ಒಪ್ಪಂದಕ್ಕೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಅನುಮೋದನೆ ಕೊಟ್ಟರು. ಅದರಂತೆ 2025-26ರಿಂದ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 11.7ರ ಕಟ್ಟು ಇಲ್ಲ. ಬದಲಾಗಿ ಪಟ್ಟಿಯೇ 34ಕ್ಕೆ ಇಳಿಯಿತು. ಹೀಗೆ ಜಾಗ ಕಳೆದುಕೊಂಡ ಹಳೆಯ ಹುಡುಗರನ್ನು ಮಿತಿಯ ಲೆಕ್ಕಕ್ಕೆ ಹಿಡಿಯಬಾರದೆಂದು ವಿನಾಯಿತಿಯೂ ಇರುವುದರಿಂದ ಕೆಲವು ಕಡೆ 34ಕ್ಕಿಂತ ಹೆಚ್ಚು ಹೆಸರು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಹಣದ ಬಾಗಿಲು ಅಗಲವಾಯಿತು, ತಂಡದ ಬಾಗಿಲು ಕಿರಿದಾಯಿತು ಎಂದರೆ ವಿಷಯವೆಲ್ಲ ಬಂತು.

ಇಲ್ಲಿ ಓದುಗರು ಒಂದು ಸಣ್ಣ ಗಣಿತವನ್ನು ನಮ್ಮೊಡನೆ ಮಾಡಬೇಕು. ಪಟ್ಟಿ 34 ಹೆಸರಿನದೆಂದು ಹಿಡಿಯೋಣ. ನಾಲ್ಕು ವರ್ಷದ ಓದು; ಎಲ್ಲರೂ ಪೂರ್ತಿ ಉಳಿದರೆ ವರ್ಷಕ್ಕೆ ಎಂಟೋ ಒಂಬತ್ತೋ ಜಾಗ ಖಾಲಿಯಾಗುತ್ತವೆ. ಒಬ್ಬ ತರಬೇತುದಾರ ವರ್ಷಕ್ಕೆ ಪ್ರೌಢಶಾಲೆಯಿಂದ 12 ಮಂದಿಯನ್ನೂ ಬೇರೆ ಕಾಲೇಜುಗಳಿಂದ 8 ಮಂದಿಯನ್ನೂ ಕರೆತರುತ್ತಾನೆಂದು ಭಾವಿಸಿದರೆ ಒಳಬರುವವರು 20. ಪಟ್ಟಿ ಬೆಳೆಯದು, ಹಾಗಾದರೆ ಹೊರಹೋಗುವವರೂ 20 ಇರಲೇಬೇಕು. ಅವರಲ್ಲಿ ಓದು ಮುಗಿಸಿ ಹೋಗುವವರು ಒಂಬತ್ತು ಎಂದೇ ಇಟ್ಟುಕೊಳ್ಳಿ. ಮಿಕ್ಕ ಹನ್ನೊಂದು ಮಂದಿ ಏನಾದರು? ಕರೆಯ ಕಾಗದದಲ್ಲಿ ಈ ಹನ್ನೊಂದು ಮಂದಿಯ ಸುದ್ದಿ ಇರುವುದಿಲ್ಲ. ಆದರೆ ಅವರೆಲ್ಲರನ್ನೂ ಹೊರದಬ್ಬಿದರೆಂದು ತೀರ್ಮಾನಿಸುವುದೂ ಅವಸರವೇ. ಮೂರನೆಯ ವರ್ಷದ ಕೊನೆಗೆ, ಅಥವಾ ಇಪ್ಪತ್ತೊಂದು ತುಂಬಿದ ಮೇಲೆ, ವೃತ್ತಿಪರ ಸಂಘಗಳು ಆಯ್ದುಕೊಂಡು ಹೋದವರು ಅದರಲ್ಲಿರಬಹುದು. ಅದು ತಂಡದ ಹಿರಿಮೆ. ತೋಳು ನೋವಾಗಿ ಬಿಟ್ಟವರಿರಬಹುದು. ತಾವೇ ಇನ್ನೂ ಒಳ್ಳೆಯ ತಂಡ ಹುಡುಕಿಕೊಂಡು ಹೋದವರಿರಬಹುದು. ಒಂದು ವರ್ಷವೂ ಆಡಿಸದೆ ಕೈಬಿಟ್ಟವರೂ ಇರಬಹುದು. ತಟ್ಟೆಗಳನ್ನು ಸಾಲು ಬೇರೆ ಮಾಡಿಡಬೇಕಾದದ್ದು ಇಲ್ಲಿಯೇ.

ಬೇರೆ ಮಾಡಲು ಸಾಧನವೂ ಇದೆ. ಅಲ್ಲಿಯ ಕಾಲೇಜುಗಳು ತಂಡದ ಪಟ್ಟಿಯನ್ನು ವರ್ಷವಾರು ಅಂತರ್ಜಾಲದಲ್ಲಿ ಪ್ರಕಟಿಸುತ್ತವೆ. ಹೆಸರು, ಎತ್ತರ, ತೂಕ, ಊರು, ಯಾವ ವರ್ಷದ ವಿದ್ಯಾರ್ಥಿ, ಮೊದಲು ಓದಿದ ಕಾಲೇಜು ಎಲ್ಲವೂ ಅದರಲ್ಲಿರುತ್ತದೆ. ನಾಲ್ಕು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೊದಲ ಪಟ್ಟಿಯಲ್ಲಿ ಪ್ರಥಮ ವರ್ಷದವರಾಗಿದ್ದವರ ಹೆಸರು ನಾಲ್ಕನೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ಎಂದು ನೋಡಿದರೆ ಸಾಕು. ಕಾಣೆಯಾದ ಒಂದೊಂದು ಹೆಸರನ್ನೂ ಮತ್ತೆ ಹುಡುಕಿದರೆ ಬೇರೆ ಕಾಲೇಜಿನ ಪಟ್ಟಿಯಲ್ಲೋ ವೃತ್ತಿಪರ ಸಂಘದಲ್ಲೋ ಸಾಮಾನ್ಯವಾಗಿ ಸಿಕ್ಕುತ್ತದೆ. ಎಲ್ಲಿಯೂ ಸಿಕ್ಕದವನು ಆಟವನ್ನೇ ಬಿಟ್ಟನೆಂದು ತಿಳಿಯಬೇಕು. ಅಲ್ಲದೆ ತರಬೇತುದಾರನ ಬಾಯಿಮಾತಿನ ಆಹ್ವಾನಕ್ಕೆ ಅಲ್ಲಿ ಇಬ್ಬರೂ ಕಟ್ಟುಬಿದ್ದವರಲ್ಲ. ಹಳೆಯ ಕಾಲದ ‘ರಾಷ್ಟ್ರೀಯ ಒಪ್ಪಿಗೆ ಪತ್ರ’ದ ಪದ್ಧತಿಯನ್ನೂ 2024ರ ಅಕ್ಟೋಬರಿನಲ್ಲಿ ಕೈಬಿಟ್ಟಿದ್ದಾರೆ. ಬರೆದುಕೊಟ್ಟ ವಿದ್ಯಾರ್ಥಿವೇತನದ ಪತ್ರದಲ್ಲಿ ಅದು ಒಂದು ವರ್ಷಕ್ಕೋ ನಾಲ್ಕು ವರ್ಷಕ್ಕೋ ಎಂಬ ಸಾಲನ್ನು ಎರಡು ಬಾರಿ ಓದಬೇಕು.

ಈಗ ನಮ್ಮ ಸೀಮೆಗೆ ಬರೋಣ. ಶ್ರೀರಂಗಪಟ್ಟಣದಲ್ಲಿ ಗರಡಿಯ ಸಂಪ್ರದಾಯವನ್ನು ಬಲ್ಲ ಹಿರಿಯರೊಬ್ಬರ ಮುಂದೆ ಈ ಲೆಕ್ಕವನ್ನು ಹೇಳಿದಾಗ ಅವರು ನಕ್ಕು ಒಂದು ಮಾತು ಹೇಳಿದರು. ಗರಡಿಗೆ ಬರುವವರ ಸಂಖ್ಯೆಗೆ ಮಿತಿಯಿಲ್ಲ. ಐವತ್ತು ಹುಡುಗರೂ ಮಣ್ಣು ಮುಟ್ಟಬಹುದು. ಆದರೆ ಕಾಲೇಜಿನ ಪರವಾಗಿ ಕುಸ್ತಿಗೆ ಕಳಿಸುವಾಗ ತೂಕಕ್ಕೊಬ್ಬನೇ. “ಐವತ್ತು ಜನ ಅವ್ರೆ ಅಂತ ಹೆದರಬಾರದು, ನನ್ನ ತೂಕದೋನು ಎಷ್ಟು ಜನ ಅವ್ರೆ ನೋಡ್ಬೇಕು” ಎಂದರು. ನಮ್ಮ ಲೆಕ್ಕದಲ್ಲಿ ಒಂದು ಮನೆ ತಪ್ಪಿಹೋಗಿತ್ತೆಂದು ಆಗ ಅರಿವಾಯಿತು. ಬೇಸ್‌ಬಾಲ್ ಹುಡುಗ ಎಸೆಗಾರನಾದರೆ ಅವನು ನೋಡಬೇಕಾದದ್ದು 34ನ್ನಲ್ಲ, ಅದರಲ್ಲಿಯ ಎಸೆಗಾರರನ್ನು. ಕಬಡ್ಡಿಯ ಹುಡುಗಿ ನೋಡಬೇಕಾದದ್ದು ತಂಡದ ಹನ್ನೆರಡನ್ನಲ್ಲ, ಅದರಲ್ಲಿಯ ರೈಡರುಗಳನ್ನು.

ಕಬಡ್ಡಿಯಲ್ಲಿ ಅಂಕಣಕ್ಕಿಳಿಯುವವರು ಏಳು, ಬದಲಿಗಳು ಸೇರಿ ತಂಡಕ್ಕೆ ಹನ್ನೆರಡು. ವಾಲಿಬಾಲ್‌ಗೆ ಆರು. ಖೋ ಖೋಗೆ ಒಂಬತ್ತು, ಬದಲಿಗಳು ಸೇರಿ ಹನ್ನೆರಡು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು; ಆ ಮಹಿಳಾ ತಂಡದ ಹದಿನೈದು ಮಂದಿಯಲ್ಲಿ ನಮ್ಮ ನೆರೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಒಬ್ಬರು. ಅಂದಿನಿಂದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಆಟದ ಬಗ್ಗೆ ತಂದೆತಾಯಿಗಳ ಮಾತಿನ ಧಾಟಿ ಬದಲಾಗಿರುವುದನ್ನು ನಾವೇ ಕೇಳಿದ್ದೇವೆ. 2023ರ ಜೂನ್ 11ರಿಂದ ಆರಂಭವಾದ ಮಹಿಳೆಯರ ಉಚಿತ ಬಸ್ ಪ್ರಯಾಣವೂ ಇದಕ್ಕೆ ಒತ್ತಾಸೆಯಾಯಿತು. ಆದರೆ ಅಭ್ಯಾಸ ಸಂಜೆ ಆರಕ್ಕೆ ಮುಗಿದರೆ ಊರಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದು ಇಂದಿಗೂ ಪ್ರಶ್ನೆಯೇ. ಹೆಣ್ಣುಮಕ್ಕಳ ತಂಡದಿಂದ ನಡುವೆ ಬಿಟ್ಟುಹೋಗುವವರ ಕಾರಣ ಕೇಳುತ್ತ ಹೋದರೆ ಪೆಟ್ಟಿಗಿಂತ ಬಸ್ಸು ಮತ್ತು ಮದುವೆಗಳೇ ಮುಂದೆ ಬರುತ್ತವೆ.

ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಮನೆಯಲ್ಲಿ ನಾವು ಕೇಳಿದ್ದು ಬೇರೆ ಬಗೆಯ ಕಥೆ. ಜಾತ್ರೆ, ಗಣಪತಿ ಹಬ್ಬಗಳ ಹೊನಲು ಬೆಳಕಿನ ಕಬಡ್ಡಿಯಲ್ಲಿ ಬಹುಮಾನ ತರುತ್ತಿದ್ದ ಹುಡುಗನನ್ನು ದೂರದ ಊರಿನ ಕಾಲೇಜೊಂದು ಕರೆದೊಯ್ದಿತು. ಶುಲ್ಕವಿಲ್ಲ, ಊಟ ವಸತಿ ಉಚಿತ ಎಂದರು. ಹೋಗಿ ನೋಡಿದರೆ ಶಿಬಿರದಲ್ಲಿ ಅವನಂತೆಯೇ ಕರೆತಂದವರು ಮೂವತ್ತು ಮಂದಿ. ಹನ್ನೆರಡರ ಪಟ್ಟಿಗೆ ಅವನ ಹೆಸರು ಮೊದಲ ವರ್ಷ ಬರಲಿಲ್ಲ. ಎರಡನೆಯ ವರ್ಷ ಹೊಸಬರು ಬಂದರು. ಪಟ್ಟಿಯಲ್ಲಿಲ್ಲದವರಿಗೆ ವಸತಿಯ ರಿಯಾಯಿತಿ ಇಲ್ಲವೆಂದು ತಿಳಿಸಿದರು. ತಂದೆ ಒಂದು ವರ್ಷದ ಕಬ್ಬಿನ ಹಣವನ್ನು ಅಲ್ಲಿ ಕಟ್ಟಿದರು. ಮೂರನೆಯ ವರ್ಷ ಹುಡುಗ ಪರೀಕ್ಷೆಯನ್ನೂ ಬಿಟ್ಟು ಮನೆಗೆ ಬಂದ. ಇಂದು ಟ್ರ್ಯಾಕ್ಟರ್ ಓಡಿಸುತ್ತಾನೆ. ಒಳ್ಳೆಯ ದುಡಿಮೆಯೇ, ಅದನ್ನು ಕೀಳೆಂದು ನಾವು ಹೇಳುತ್ತಿಲ್ಲ. ಆದರೆ ಅವನ ತಾಯಿ ನಮ್ಮ ಮುಂದೆ ಹೇಳಿದ್ದು: “ಮೂವತ್ತು ಜನ ಇದ್ದಾರೆ ಅಂತ ಮೊದಲೇ ಹೇಳಿದ್ರೆ ಇಲ್ಲೇ ಡಿಗ್ರಿ ಓದ್ಕೊಂಡು ಆಡ್ತಿದ್ದ ಅಯ್ಯನೋರೇ.” ಆ ಮನೆಯ ಗೋಡೆಗೆ ಅವನ ಪಿ.ಯು.ಸಿ. ಕಾಲದ ಪದಕಗಳು ಇನ್ನೂ ನೇತಾಡುತ್ತಿವೆ.

ಹೆಚ್ಚು ಜನರನ್ನು ಕರೆಯುವುದರಲ್ಲಿ ಕಪಟವೇ ಇದೆಯೆಂದು ಹೇಳಲಾಗದು. ಯಾರು ಅನುತ್ತೀರ್ಣರಾಗುತ್ತಾರೆ, ಯಾರಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಅಥವಾ ರೈಲ್ವೆಯಲ್ಲಿ ಕೆಲಸ ಸಿಕ್ಕೀತು, ಯಾರ ಮಂಡಿ ತಿರುಚೀತು ಎಂಬುದು ದೈಹಿಕ ಶಿಕ್ಷಣ ನಿರ್ದೇಶಕರಿಗೂ ಮೊದಲೇ ತಿಳಿಯದು. ಭತ್ತದ ಒಟ್ಟಲು ಹಾಕುವವನು ಗದ್ದೆಗೆ ಬೇಕಾದುದಕ್ಕಿಂತ ತುಸು ಹೆಚ್ಚೇ ಬಿತ್ತುತ್ತಾನೆ. ಆದರೆ ಹೆಚ್ಚಾದ ಪೈರು ಮಾತಾಡುವುದಿಲ್ಲ; ಹೆಚ್ಚಾದ ಹುಡುಗನಿಗೆ ಮೂರು ವರ್ಷದ ಆಯುಷ್ಯ ಹೋಗುತ್ತದೆ. ಆದುದರಿಂದ ಹೆಚ್ಚು ಕರೆದದ್ದನ್ನು ಮುಚ್ಚಿಡುವುದು ಮಾತ್ರ ತಪ್ಪೆಂಬುದು ನಮ್ಮ ಅಭಿಪ್ರಾಯ.

ನಾಗಮಂಗಲ ತಾಲ್ಲೂಕಿನಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಕಂಡೆವು. ಚಿಕ್ಕ ಕಾಲೇಜುಗಳಲ್ಲಿ ಹನ್ನೆರಡು ಹುಡುಗಿಯರನ್ನು ಕೂಡಿಸುವುದೇ ಕಷ್ಟ. ಹೈಜಂಪ್‌ನವಳನ್ನೂ ಓಟದವಳನ್ನೂ ಕೇಳಿಕೊಂಡು ತಂಡ ಕಟ್ಟುತ್ತಾರೆ. ಅಲ್ಲಿ ಸೇರಿದವಳಿಗೆ ಮೊದಲ ದಿನದಿಂದ ಆಟವುಂಟು. ಆದರೆ ಬಲವಾದ ಎದುರಾಳಿಯ ಮುಂದೆ ತಂಡ ಮೊದಲ ಸುತ್ತಿಗೇ ಹಿಂದಿರುಗುತ್ತದೆ. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ನೋಡುವುದು ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದವರನ್ನು. ಒಂದು ಪಂದ್ಯವಾದರೂ ಪೂರ್ತಿ ಆಡಿದ ಚಿಕ್ಕ ಕಾಲೇಜಿನ ರೈಡರ್ ಅವರ ಕಣ್ಣಿಗೆ ಬೀಳಬಹುದು. ಆರು ಪಂದ್ಯ ಬೆಂಚಿನ ಮೇಲೆ ಕುಳಿತ ದೊಡ್ಡ ಕಾಲೇಜಿನ ರೈಡರ್ ಬೀಳುವುದಿಲ್ಲ. ಹಾಗೆಂದು ಚಿಕ್ಕದೇ ಮೇಲೆಂದು ನಾವು ವಾದಿಸುವುದಿಲ್ಲ. ದಿನವೂ ಗಟ್ಟಿ ಕಾರ್ನರ್ ಆಟಗಾರ್ತಿಯ ಕೈಗೆ ಸಿಕ್ಕಿ ಬಿಡಿಸಿಕೊಳ್ಳುವುದನ್ನು ಕಲಿಯದ ರೈಡರ್ ಎಂದೂ ಬೆಳೆಯಳೆಂದು ಬಲ್ಲವರು ಹೇಳುತ್ತಾರೆ. ಕಲಿಯಲು ಬಲವಾದ ಜೊತೆಯೂ ಬೇಕು, ತೋರಿಸಲು ಬಯಲೂ ಬೇಕು. ಎರಡೂ ಎಲ್ಲಿ ಒದಗುತ್ತವೆ ಎಂಬುದನ್ನು ಪಟ್ಟಿಯಿಂದಲೇ ಊಹಿಸಬಹುದು: ನಿಮ್ಮ ಮಗುವಿನ ಜಾಗದಲ್ಲಿ ಆಡುವವರಲ್ಲಿ ಅಂತಿಮ ವರ್ಷದವರು ಇಬ್ಬರಿದ್ದು, ಕೆಳಗಿನ ವರ್ಷಗಳಲ್ಲಿ ಒಬ್ಬರೇ ಇದ್ದರೆ ಅದು ಒಳ್ಳೆಯ ಸಮಯ. ಮೊದಲ ವರ್ಷದವರೇ ನಾಲ್ವರಿದ್ದರೆ ಮೂರು ವರ್ಷವೂ ಅವರೊಡನೆಯೇ ಸೆಣಸಬೇಕು. ನಮ್ಮ ಪದವಿಯ ಅವಧಿಯೇ ಮೂರು ವರ್ಷ.

ನಮ್ಮ ಕಾಲೇಜುಗಳಲ್ಲಿ ಅಮೆರಿಕೆಯಂತೆ ಪ್ರಕಟವಾದ ಪಟ್ಟಿಯೆಲ್ಲಿದೆ ಎಂದು ಓದುಗರು ಕೇಳಬಹುದು. ಪಟ್ಟಿ ಇದೆ, ಗೋಡೆಯ ಮೇಲಿದೆ. ಹೆಚ್ಚಿನ ಕಾಲೇಜುಗಳ ಕ್ರೀಡಾ ಕೊಠಡಿಯಲ್ಲಿ ಪ್ರತಿ ವರ್ಷದ ತಂಡದ ಗುಂಪು ಛಾಯಾಚಿತ್ರವನ್ನು ಕಟ್ಟು ಹಾಕಿಸಿ ತೂಗುಹಾಕಿರುತ್ತಾರೆ. ಕೆಳಗೆ ಹೆಸರು, ತರಗತಿಗಳನ್ನು ಬರೆದಿರುತ್ತಾರೆ. ಅದಿಲ್ಲದಿದ್ದರೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿರುತ್ತದೆ. ಮೂರು ವರ್ಷದ ಚಿತ್ರಗಳನ್ನು ನೋಡಿ, ಮೊದಲ ಚಿತ್ರದ ಬಿ.ಎ. ಪ್ರಥಮ ವರ್ಷದ ಮುಖಗಳು ಮೂರನೆಯ ಚಿತ್ರದಲ್ಲಿಯೂ ಇವೆಯೇ ಎಂದು ಎಣಿಸಬೇಕು. ಇಲ್ಲದ ಮುಖದತ್ತ ಬೆರಳು ತೋರಿಸಿ “ಸಾರ್, ಈ ಮಗು ಎಲ್ಲಿ ಹೋಯ್ತು?” ಎಂದು ಕೇಳಬೇಕು. “ಪೊಲೀಸ್ ಕೆಲಸ ಸಿಕ್ತು” ಎಂದು ಉತ್ತರ ಬಂದರೆ ಸಂತೋಷ. “ಯಾವುದೋ ಊರಿಂದ ಬಂದಿದ್ದಳು, ಗೊತ್ತಿಲ್ಲ” ಎಂದರೆ ಇನ್ನೊಂದು ಮುಖದತ್ತ ಬೆರಳು ತೋರಿಸಬೇಕು. ಚಿತ್ರದಲ್ಲಿ ಸಿಗದ ಸಂಗತಿ ಒಂದೇ: ಶಿಬಿರಕ್ಕೆ ಬಂದು ಪಟ್ಟಿಗೆ ಬಾರದವರೆಷ್ಟು ಎಂಬುದು. ಅದನ್ನು ಬಾಯಿಬಿಟ್ಟು ಕೇಳಬೇಕು. ವಿನಾಯಿತಿ ಪಟ್ಟಿಯಲ್ಲಿದ್ದವರಿಗೆ ಮಾತ್ರವೋ ಎಲ್ಲರಿಗೂ ಇದೆಯೋ, ಮೊಣಕಾಲು ಪೆಟ್ಟಾದ ವರ್ಷ ಏನು ಗತಿ ಎಂಬುದನ್ನು ಬರೆಸಿಕೊಳ್ಳಬೇಕು.

ಪಾಂಡವಪುರದ ಹಿರಿಯರಿಗೆ ನಾವು ಹೇಳಿದ್ದು ಇದನ್ನೇ. ಮುಂದಿನ ವಾರ ಅವರೂ ಮೊಮ್ಮಗಳೂ ಅವಳ ತಾಯಿಯೂ ಆ ದೊಡ್ಡ ಊರಿನ ಕಾಲೇಜಿಗೆ ಹೋದರು. ಗೋಡೆಯ ಮೇಲೆ ಎರಡು ವರ್ಷದ ಚಿತ್ರಗಳಿದ್ದವು. ಮೂರನೆಯದನ್ನು ನಿರ್ದೇಶಕರು ಬೀರುವಿನಿಂದ ತೆಗೆದುಕೊಟ್ಟರು. ಕೇಳಿದ್ದಕ್ಕೆ ಅವರು ಬೇಸರಿಸಲಿಲ್ಲವಂತೆ. ಶಿಬಿರದಲ್ಲಿ ಇಪ್ಪತ್ತೆರಡು ಮಂದಿ ಇದ್ದಾರೆ, ರೈಡರುಗಳಲ್ಲಿ ಮೂವರು ಈ ವರ್ಷ ಮುಗಿಸುತ್ತಾರೆ, ಮೊದಲ ವರ್ಷ ಆಡಿಸುತ್ತೇನೆಂದು ಮಾತು ಕೊಡಲಾರೆ ಎಂದು ನೇರವಾಗಿ ಹೇಳಿದರಂತೆ. ಆ ಕೊನೆಯ ಮಾತೇ ಹಿರಿಯರಿಗೆ ಹಿಡಿಸಿತು. ಹುಡುಗಿ ಅಲ್ಲಿಯೇ ಸೇರಿದಳು.

ಅಮೆರಿಕೆಯ ಮೊಮ್ಮಗನಿಗೆ ಸುದ್ದಿ ಮುಟ್ಟಿಸಿದವಳು ಅವಳೇ. ಒಂದು ರಾತ್ರಿ ದೂರವಾಣಿಯಲ್ಲಿ ಅವನು ನಾಲ್ಕು ವರ್ಷದ ಪಟ್ಟಿಗಳನ್ನು ಓದುತ್ತ ಹೋದ, ಇವಳು ನೋಟುಪುಸ್ತಕದಲ್ಲಿ ಗೀಟು ಹಾಕುತ್ತ ಹೋದಳು. ನಾಲ್ಕನೆಯ ಪಟ್ಟಿಗೆ ಬರುವಷ್ಟರಲ್ಲಿ, ಮೊದಲ ವರ್ಷ ಪ್ರೌಢಶಾಲೆಯಿಂದ ಬಂದಿದ್ದ ಆರು ಎಸೆಗಾರರಲ್ಲಿ ಒಬ್ಬನ ಹೆಸರು ಮಾತ್ರ ಉಳಿದಿತ್ತು. ಉಳಿದ ಐವರು ಎಲ್ಲಿಗೆ ಹೋದರೆಂದು ಹುಡುಗ ತರಬೇತುದಾರನಿಗೆ ಬರೆದು ಕೇಳಿದ್ದಾನೆ. ನಾವು ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿರಲಿಲ್ಲ. ಇನ್ನೊಂದು ಚಿಕ್ಕ ಕಾಲೇಜಿನ ಪಟ್ಟಿಗಳನ್ನು ಅವನು ತೆಗೆದಿಟ್ಟುಕೊಂಡಿದ್ದಾನೆಂದು ಮನೆಯವರು ತಿಳಿಸಿದರು.